ಮೂರು ಪಾಳಿಯ ಹೂವು

ಹಾಲಿನ ಪ್ಯಾಕೆಟ್ಟಿನಲ್ಲಿ ಒದ್ದೆ ಮಣ್ಣು, ಗೇಣುದ್ದದ ಕಡ್ಡಿ.
“ಗದ್ವಾಲದಿಂದ, ನಮ್ಮಕ್ಕನ ಮನಿದು.
ಹೆಸರು ಕೇಳಬ್ಯಾಡ, ನೀರು ಹಾಕು” ಎಂದ ಮಹಬೂಬಿ
ಒಲೆಯ ಮೇಲೆ ರೊಟ್ಟಿ ಸೀಯುತ್ತಿದೆಯೆಂದು ಓಡಿದಳು.

ಶಕ್ತಿನಗರದ ಕ್ವಾರ್ಟರ್ಸಿನ ಹಿತ್ತಿಲು:
ಬಟ್ಟೆ ಒಗೆಯುವ ಕಲ್ಲು, ತಂತಿಬೇಲಿ,
ಬೇಲಿಯಾಚೆ ಸಾಲಾಗಿ ನಿಂತ ಚಿಮಣಿ.
ಇಲ್ಲಿ ಏನು ನೆಟ್ಟರೂ ಮೊದಲು ಎಲೆ ಒರೆಸಬೇಕು.
ಬೂದಿ ಕೂತ ಮೇಲೆ ಎಲ್ಲ ಗಿಡದ್ದೂ ಒಂದೇ ಜಾತಿ.

ಬಳ್ಳಿ ಬಲ್ಲವಳೆಂದು ನಮ್ಮ ಲೈನಿನಲ್ಲಿ ನನಗೆ ಹೆಸರು.
ತೊಟ್ಟು ಮುರಿದೆ, ಹಾಲು ಬರಲಿಲ್ಲ.
ಶಂಖಪುಷ್ಪವಾದರೆ ಒಂದು ಕಡ್ಡಿಗೆ ಐದು ಎಲೆ, ಇದಕ್ಕಿಲ್ಲ.
ಗೌರಿಹೂವಿನ ಎಲೆಯ ತುದಿಯೇ ಸುರುಳಿ,
ಇದಕ್ಕೆ ಹಿಡಿಯಲು ಬೆರಳೇ ಇಲ್ಲ.
ಎದುರುಬದುರು ಜೋಡಿ ಎಲೆ ಕಂಡು
ಜಾಜಿಯಿರಬಹುದೇ ಎಂದು ಉಜ್ಜಿ ಮೂಸಿದೆ:
ಬರೀ ಹಸಿ ವಾಸನೆ.

ಒಂದು ವರ್ಷ ಅದು ಹತ್ತಲೇ ಇಲ್ಲ.
“ನಿನ್ನ ಬಳ್ಳಿ ಕಂಟಿ ಆಗ್ಯದ ನೋಡು”
ನಮ್ಮವರು ಬೂಟಿನ ದಾರ ಕಟ್ಟುತ್ತ ನಕ್ಕರು.
ಬಿಸಿಲಿಗೆ ಎಲೆ ಉದುರಿತು, ತೊಟ್ಟು ಮಾತ್ರ ಉಳಿಯಿತು,
ಒಣಗಿ, ಬಾಗಿ, ಮುಳ್ಳಾಯಿತು.
ನನ್ನ ಸೀರೆಯ ಸೆರಗು ಸಿಕ್ಕಿ ಹರಿದಾಗಲೇ ತಿಳಿದದ್ದು,
ಕಳೆದುಕೊಂಡ ಎಲೆಗಳನ್ನೇ ಕೊಕ್ಕೆ ಮಾಡಿಕೊಂಡು
ಅದು ಆಗಲೇ ಬೇಲಿ ಏರಿ
ಸಿಂಟೆಕ್ಸ್ ಟ್ಯಾಂಕಿನ ಕೊರಳಿಗೆ ಬಂದಿತ್ತು.

ಹೂ ಬಿಟ್ಟಿತು.
ರಾತ್ರಿ ಒಂಬತ್ತೂವರೆಗೆ, ಸೈಕಲ್ಲು ಹೊರಳಿಸುತ್ತ,
“ಬಿಳಿ ಅದ, ಮಲ್ಲಿಗಿ ಜಾತಿ” ಎಂದರು ನಮ್ಮವರು.
ಮರುದಿನ ನಲ್ಲಿ ಬಂದ ಹೊತ್ತಿಗೆ
ಕೊಡ ಕೆಳಗಿಟ್ಟು ಮಹಬೂಬಿ, “ಗುಲಾಬಿ!”
ಮೂರನೆಯ ದಿನ ಮಧ್ಯಾಹ್ನ ಮಜ್ಜಿಗೆ ಮೆಣಸಿನಕಾಯಿ ಹರವಲು ಬಂದ
ಕರ್ನೂಲಿನ ಸುಬ್ಬರತ್ನಮ್ಮ, “ಎಂಥ ಕೆಂಪು!
ನಮ್ಮಲ್ಲಿ ಇದು ರಾಧಾಮನೋಹರಂ.”
ನನ್ನ ಅಂಗಳದಲ್ಲೇ ಮೂವರ ಜಗಳ,
ಒಬ್ಬರು ಕಂಡಿದ್ದು ಇನ್ನೊಬ್ಬರಿಗಿಲ್ಲ.

ಮುಂದಿನ ಗೊಂಚಲಿಗೆ ನಾನೇ ಕಾವಲು ಕೂತೆ.
ಕಲ್ಲಿನ ಮೇಲೆ, ಟಾರ್ಚು ಆರಿಸಿ.
ಸಂಜೆ ಬಿರಿದದ್ದು ಬಿಳಿ, ಮುಖ ಮೇಲಕ್ಕೆ.
ಕತ್ತಲಾದಂತೆ ಹಣ್ಣಿನಂಥ ಪರಿಮಳ.
ಉದ್ದ ಸೊಂಡಿಲಿನ ದೊಡ್ಡ ಪತಂಗವೊಂದು
ಕೂರದೆ, ಗಾಳಿಯಲ್ಲೇ ನಿಂತು ಕುಡಿಯಿತು.
ಅದಕ್ಕೂ ರಾತ್ರಿಪಾಳಿಯೇ.
ಆಮೇಲೆ ಬಣ್ಣ ಏರುತ್ತ ಹೋಯಿತು, ಕತ್ತು ಬಾಗುತ್ತ ಹೋಯಿತು.
ಅದೇ ಹೂವು.

ಸಿ ಶಿಫ್ಟಿನವರ ಮನೆಯಲ್ಲಿ ಹಗಲಿಗೆ ಪರದೆ.
ಕುಕ್ಕರಿನ ಸೀಟಿಗೂ ಹೆದರಿಕೆ.
ಎದ್ದವರಿಗೆ ಊಟ ಬಡಿಸುವ ನನಗೆ
ಅವರ ಮುಖ ಬೆಳಿಗ್ಗೆ ಹೇಗಿರುತ್ತದೆಂದು
ಮರೆತೇ ಹೋಗಿತ್ತು.

ಸಂಜೆ ನಾಲ್ಕಕ್ಕೆ ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ
ಹಿತ್ತಿಲಿಗೆ ಬಂದರು.
“ಇದ್ಯಾವಾಗ ಬಂತು, ಕೆಂಪಂದು?
ಬಿಳಿದೇನಾತು?”
“ಅದೇ ಇದು” ಎಂದೆ.
ನಂಬಲಿಲ್ಲ. ಬ್ರಷ್ಷು ಬಾಯಲ್ಲೇ ಬಿಟ್ಟು
ಒಂದು ಎಲೆಯ ಬೂದಿಯನ್ನು ಹೆಬ್ಬೆರಳಲ್ಲಿ ಒರೆಸಿದರು,
ಇನ್ನೊಂದರದ್ದೂ.

ಟೌನ್‌ಶಿಪ್ಪಿನ ಮಾಲಿ ರಂಗೂನ್ ಮಲ್ಲಿಗೆ ಎಂದು ಹೇಳಿಹೋದ.
ರಂಗೂನು ಎಲ್ಲಿದೆಯೋ, ಅಲ್ಲಿ ಇದಕ್ಕೆ ಏನನ್ನುತ್ತಾರೋ.

ಭಾನುವಾರ ನಮ್ಮವರು
ಸ್ಟೋರಿನಲ್ಲಿ ಬಿದ್ದಿದ್ದ ನಾಲ್ಕು ತುಂಡು ಪೈಪು ತಂದು
ಹಂದರ ಹಾಕಲು ಕೂತಿದ್ದಾರೆ.
ಯಾವುದೂ ಒಂದೇ ಅಳತೆಯಲ್ಲಿಲ್ಲ.
ನಾನು ಹಗ್ಗ ಹಿಡಿದಿದ್ದೇನೆ. ಮುಳ್ಳು ಚುಚ್ಚುತ್ತಿದೆ.