ಬಶಿ

ಕೊಲ್ಹಾರದ ಸೇತುವೆ ದಾಟೂಕಿಂತ ಮೊದಲ
ಎಡಕ್ಕ ಇಳದರ ಒಂದು ತಗಡಿನ ಬೋರ್ಡು:
ಸಮುದ್ರ ದರ್ಶನ. ಮೀನ, ಮೊಸರು, ರೊಟ್ಟಿ.
ಬಾಳಪ್ಪ ಅಂಬಿಗೇರ ಸಮುದ್ರ ನೋಡಿಲ್ಲ.
ಬೋರ್ಡು ಬರದಾಂವ ಕಾರವಾರದಾಗ ಆರು ತಿಂಗಳು ಇದ್ದನಂತ,
"ಇಷ್ಟು ನೀರಿದ್ದರ ಸಾಕು, ಉಪ್ಪು ನೀ ಹಾಕ್ಕೋ" ಅಂದನಂತ.

ನಾವು ನಾಲ್ಕು ಮಂದಿ.
ಸಾಲಿ ಯೂನಿಫಾರ್ಮು ಎರಡನೂರಾ ಹತ್ತು ಜೋಡಿ
ಹೊಲದು, ಗುಂಡಿ ಹಚ್ಚಿ, ವಿಜಯಪುರದಾಗ ಕೊಟ್ಟು,
ರೊಕ್ಕ ಎಣಿಸಿಕೊಂಡು ಬೀಳಗಿ ಬಸ್ಸಿಗೆ ತಿರುಗಿ ಹೊಂಟವರು
ನಡುವ ಇಳದಬಿಟ್ಟಿವಿ.
ಯಾಕಂತ ಒಬ್ಬರಿಗೊಬ್ಬರು ಕೇಳಲಿಲ್ಲ.

ಮಾಡಿಲ್ಲ, ಗ್ವಾಡಿಲ್ಲ. ನಾಲ್ಕು ಬಿದಿರಿನ ಮ್ಯಾಲೆ ಹರಕ ಮೀನಬಲಿ,
ನೆರಳೂ ಚೌಕ ಚೌಕ,
ಲೆಕ್ಕದ ಪಟ್ಟಿ ಹಾಳಿ ತೋಳಿನ ಮ್ಯಾಲೆ ಹಾಸಿದಂಗ.
ಇಲ್ಲೆ ತಾಟಿಲ್ಲ. ಎಲ್ಲಾ ಚಾದ ಬಶಿಯೊಳಗ.
ಮೊದಲ ಆಂವಗ ಚಾದಂಗಡಿ ಇತ್ತು,
ಕಾಗದದ ಕಪ್ಪು ಬಂದು ಬಶಿ ಕೆಲಸ ಬಿಟ್ಟು ಕುಂತು.
"ಆರು ಡಜನ್ ಬಶಿ ಏನು ಒಗೀಲೇನ್ರೀ?
ಅದಕ್ಕ ಇಷ್ಟಿಷ್ಟ. ಹಂಚಿ ತಿನ್ರಿ."

ಮೊದಲ ಬಂದದ್ದು ರವಾ ಹಚ್ಚಿದ ಮೀನ, ನಾಲ್ಕು ತುಂಡು,
ಅದರಾಗ ಒಂದು ಬರೇ ಬಾಲ.
ಸೀಗಡಿ, ಉಳ್ಳಾಗಡ್ಡಿ ಜೋಡಿ ಹುರದದ್ದು, ಎಣಿಸಿದರ ಒಂಬತ್ತು.
ಶೇಂಗಾ ಹಿಂಡಿಗೆ ಎಣ್ಣಿ ಬಿಡೂದರಾಗ
ಮತ್ತೊಂದು ಬಶಿ, ಕೇಳದನ.
ಮೊಸರಂತೂ ಗಡಿಗಿ ಬೋರಲ ಹಾಕಿದರೂ ಬೀಳದಂಥಾದ್ದು,
ಅದನ್ನ ಚಾಕುವಿಲೆ ಕೊಯ್ದು ಇಟ್ಟ.

ಯಾರೂ ಕೈ ಹಚ್ಚವಲ್ರು.
ಮನಿಯಾಗ ನಾವು ಬಡಸವರು,
ಎಲ್ಲಾರದೂ ಆದಮ್ಯಾಲೆ ಬೋಗಾಣಿ ತಳದ್ದು ನಮ್ಮದು.
ಇಲ್ಲೆ ನಡುವ ಬಶಿ, ಸುತ್ತ ನಾಲ್ಕು ಕೈ,
ಬಡಸವರು ಯಾರು ಉಣ್ಣವರು ಯಾರು ತಿಳೀವಲ್ದು.
ತಿಪ್ಪವ್ವ ಸೌಟಿಲ್ಲದ ಬಲಗೈ ಹಂಗ ಎತ್ತಿ ಹಿಡದಾಳ,
ಬಟ್ಟಿ ತಿರಿವ್ಯಾಕ ಸೂಜಿ ಎತ್ತಿ ನಿಂದರಿಸಿದ ಮಶೀನಿನಂಗ.

ಬಾಲ ಎತ್ತಿದಾಕಿ ಜೈತುನಬಿ.
"ತಲಿ, ಬಾಲ ನನಗ ರೂಢಿ" ಅಂದ್ಳು.
ಅಂದು, ಕೈಯಾಗಿನ ಬಾಲ ಒಂದು ಸಲ ನೋಡಿ
ತಿರುಗಿ ಬಶಿಯಾಗಿಟ್ಟು
ನಡುವಿನ ತುಂಡು ತಗೊಂಡ್ಳು.

ಗಾಳಿಗೆ ನೀರು ಬಂದು ಬಂದು ಕಲ್ಲಿಗೆ ಬಡೀತಿತ್ತು.
"ಅಗೋ ಆ ನೀರಕಾಗಿ ಕುಂತ ಕಂಬ ಐತಲ್ಲ,
ಅದರ ಬುಡಕ್ಕ ನಮ್ಮಪ್ಪನ ಹಿಟ್ಟಿನ ಗಿರಣಿ" ಅಂದ್ಳು ರುಕಮಾ.
ಅಳು ದನಿಯಾಗೇನೂ ಹೇಳಲಿಲ್ಲ.
ಸೀಗಡಿ ಬಶಿ ಆಕಿ ಕಡೆ ಒಂದು ಗೇಣು ಸರೀತು. ಅಷ್ಟ.

ಕಸ್ತೂರೆವ್ವ ಕೊರಳಾಗಿನ ಕರಡಿಗಿ ಸೆರಗಿನಾಗ ಮುಚ್ಚಿಕೊಂಡು
ಬರೇ ಮೊಸರು, ಹಿಂಡಿ, ರೊಟ್ಟಿ.
ಆದರ ನಡುವ ಕುಂತಾಕಿ ಆಕಿನ,
ಮೀನಿನ ಬಶಿ ಇತ್ಲಾಗಿಂದ ಅತ್ಲಾಗ ಹೋಗಬೇಕಂದ್ರ
ಆಕಿ ಕೈ ದಾಟಿ ಹೋಗಬೇಕು.

ಬಾಳಪ್ಪ ಖಾಲಿ ಬಶಿ ಒಟ್ಟಿ ಎಣಿಸಿದ. ಹನ್ನೊಂದು.
ಬಶಿಗೆ ಮೂವತ್ತರಂಗ ಮುನ್ನೂರಾ ಮೂವತ್ತು,
ತಲಿಗೆ ಎಂಬತ್ತೆರಡೂವರಿ.
"ಕಸ್ತೂರೆವ್ವಂದು ಕಡಿಮಿ ಹಿಡೀರಿ, ಆಕಿ ಏನು ತಿಂದಾಳ?"
"ಯಾಕ, ಗಾಳಿ ತಿಂದಿಲ್ಲೇನು? ವಾಸನಿ ತಿಂದಿಲ್ಲೇನು?
ನಂದೂ ಎಂಬತ್ತೆರಡೂವರಿ."

ಬಾಲ ಹಂಗ ಉಳಿದಿತ್ತು. ಬೆಕ್ಕಿಗಾತು.
ಬಸ್ಸಿನ್ಯಾಗ ಖಿಡಕಿ ಕಡೆ ಕುಂತ ಕಸ್ತೂರೆವ್ವ
ಎಣ್ಣಿ ಹತ್ತಿದ ತೋರಬೆರಳು
ಸೇತುವೆ ಮುಗಿಯೂತನ
ಒರಸಿಕೊಳ್ಳಲಿಲ್ಲ.