ಮುದ್ರೆಯಿಲ್ಲದೆ

ಗಾಲ್ವೇ. ನವೆಂಬರ್. ರಾತ್ರಿ ಎರಡೂವರೆ.
ಡರ್ವ್ಲಾ ಜೀವಕೋಶಗಳಿಗೆ ಕಷ್ಟ ಕೊಡುತ್ತಿದ್ದಾಳೆ,
ಹನಿ ಹನಿ ಅಳೆದು.

ಗಾಲ್ಜಿಯ ಸುಂಕದಕಟ್ಟೆ ಬಂದಾಯಿತು.
ಒಳಗೆ ಒಂದು ಪ್ರೋಟೀನು, ಮಡಿಕೆ ತಪ್ಪಿದ್ದು,
ಗಡಿ ಮುಟ್ಟುವ ಮೊದಲೇ
ದಿನವೂ ಚೂರಾಗುತ್ತಿದ್ದದ್ದು,
ಮುದ್ರೆಯಿಲ್ಲದೆ, ಸಕ್ಕರೆಯ ಸಿಂಗಾರ ಮುಗಿಯದೆ
ಹಿತ್ತಿಲ ದಾರಿ ಹಿಡಿದಿದೆ.

ಪೊರೆಯಂಚಿಗೆ ಹಸಿರು ಗೆರೆ.
ಕನ್ನಡಕ ಒರೆಸಿ ಮತ್ತೆ ನೋಡಿದಳು.
ಇದೆ.

ಅಕ್ಕನ ಕೂಸು ಫಿಂಟನ್‌ನ ಹಣೆಗೆ ಮೊದಲ ಮುತ್ತಿಟ್ಟಾಗ
ತುಟಿಗೆ ಹತ್ತಿದ ಉಪ್ಪು
ಕಡಲಗಾಳಿಯದೆಂದೇ ನಕ್ಕಿದ್ದರು ಎಲ್ಲರೂ.
ಈಗ ಒಂಬತ್ತು ಅವನಿಗೆ.
‘ನನ್ನ ಬಾಗಿಲು ಎಲ್ಲಿ ಸಿಕ್ಕಿಕೊಂಡಿದೆ, ಚಿಕ್ಕೀ?’
ಕೆಮ್ಮಿನ ನಡುವೆ ಕೇಳುತ್ತಾನೆ.

ಪರದೆಯ ಹಸಿರಿನ ಮೇಲೆ ಬೆರಳಿಟ್ಟಳು.
ಇಲ್ಲಿಯವರೆಗೆ ಬಂದಿದೆ ಕಣೋ,
ಬಟ್ಟಲೊಂದರಲ್ಲಿ.

ಬೆಳಗಾಗುವಷ್ಟರಲ್ಲಿ ಈ ಕೋಶಗಳು ಸತ್ತಿರುತ್ತವೆ.
ಅದನ್ನೂ ಬರೆದುಕೊಂಡಳು.