ಏರುವಾಗ ರಿಷಭ

ತಬಲ ಬೇಡವೆಂದಳು ಮೃದುಲಾ ಬಾಡಕರ.
ಒಂದು ವಾಯಲಿನ್, ನಾಲ್ಕು ತಂತಿ,
ಕೌಂಸಿ ಕಾನಡಾ, ಐವತ್ತು ನಿಮಿಷ.
ಕಾರವಾರದ ಸೆಕೆಗೆ ಹಾಲಿನ ಹನ್ನೆರಡು ಫ್ಯಾನು
ತಮ್ಮದೇ ಒಂದು ಶ್ರುತಿ ಹಿಡಿದು ತಿರುಗುತ್ತಿದ್ದವು.
ನಾನು ಮೂಲೆಯಲ್ಲಿ, ಕಿವಿಗೆ ಹೆಡ್‌ಫೋನು,
ಬೆರಳು ಮಿಕ್ಸರಿನ ಗುಂಡಿಯ ಮೇಲೆ.
ಮೈಕಿನವನ ಹತ್ತಿರ ಯಾರೂ ರಾಗ ಕೇಳುವುದಿಲ್ಲ.

ಮುಗಿದದ್ದೇ ಸುಲೋಚನಾ ತಾಂಡೇಲಳ ಗೂಡಂಗಡಿಯಲ್ಲಿ
ಎರಡನೇ ಕಚೇರಿ.

"ಏರುವಾಗ ರಿಷಭ ಮುಟ್ಟಿದಳು." ದೇವಿದಾಸ ರಾಯ್ಕರರು
ಚಹಾದ ಗ್ಲಾಸು ಕೆಳಗಿಟ್ಟರು, ತಕ್ಕಡಿ ಇಟ್ಟ ಹಾಗೆ.
"ಇಳಿಯುವಾಗ ಬರಲಿ, ಯಾರು ಬೇಡ ಅಂದರು?
ಏರುವ ದಾರಿ ಮಾಲಕಂಸದ್ದು, ಅಲ್ಲಿ ರಿಷಭಕ್ಕೆ ಮನೆಯಿಲ್ಲ.
ಗುಲಗಂಜಿ ತೂಕದ್ದೇ ಇರಬಹುದು. ಬೆರಕೆ ಬೆರಕೆಯೇ."

ಇನಾಸ ಫರ್ನಾಂಡಿಸ್ ನಕ್ಕ.
ಚರ್ಚಿನಲ್ಲಿ ಮೂವತ್ತು ವರ್ಷ ನುಡಿಸಿದವನು,
ಎಡಗುತ್ತಿಗೆಯಲ್ಲಿ ಕಪ್ಪು ದಡ್ಡು.
"ನೀವು ಕಿವಿಯಿಂದ ಕೇಳ್ತೀರಿ ರಾಯ್ಕರ್‌ಬಾಬ್, ನಾನು ಕೈಯಿಂದ.
ಮೇಲಿನ ಷಡ್ಜಕ್ಕೆ ಹಾರುವಾಗ ಕಿರುಬೆರಳು
ಒಂದು ಬೆರಳಗಲ ಮುಂದೆ ಬಿತ್ತು, ಆಯ್ತು, ರಿಷಭ.
ಆದರೆ ಮರಳಿ ಬಂದು ಅದನ್ನೇ ಬೇಕೆಂದು ಮುಟ್ಟಿದಳಲ್ಲ?
ಇನ್ನೊಮ್ಮೆ. ಮತ್ತೂ ಒಮ್ಮೆ.
ಬಿದ್ದವಳು ಎದ್ದು ಕುಣಿದದ್ದು ಅದು."
"ಬಿದ್ದಳು ಅಂತ ಒಪ್ಪಿದೆಯಲ್ಲ!"
"ಕುಣಿದಳು ಅಂತಲೂ ಹೇಳಿದೆ."

ವಾಮನ ಮಾಸ್ತರರಿಗೆ ಎರಡೂ ಸಮ್ಮತವಲ್ಲ.
"ರಿಷಭ ಗಿಷಭ ಬಿಡಿ. ಆ ಝಾಲಾ! ಅದೆಂಥ ಅವಸರ?
ಕೊನೆಯ ಬಸ್ಸು ತಪ್ಪುತ್ತದೆ ಅನ್ನೋ ಹಾಗೆ.
ಕಸರತ್ತು ಕಂಡಿತು. ರಾಗ ಎಲ್ಲಿ?"
ಹೇಳುತ್ತ ಹೇಳುತ್ತ ಅವರ ಕೊನೆಯ ಬಸ್ಸು
ಅಂಕೋಲೆಯ ಕಡೆ ಹೊರಟೇ ಹೋಯಿತು.
ಅದಕ್ಕೂ ಅವಳನ್ನೇ ಬೈದರು.

ಬಂಗಡೆ ಕರಿದ ಕಾವಲಿ ಉಜ್ಜುತ್ತಿದ್ದ ಸುಲೋಚನಾ
ತಲೆಯೆತ್ತದೆ ಕೇಳಿದಳು:
"ನಡುವೆ ಒಂದು ಸಲ ಯಾರೋ ಕರೆದ ಹಾಗಾಯ್ತು.
ಓ ಅಂತ ಬಾಗಿಲಿಗೆ ಬಂದೆ. ಯಾರೂ ಇಲ್ಲ.
ಅದು ಯಾವ ಸ್ವರ?"
ರಾಯ್ಕರರು ಗಾಂಧಾರ ಎಂದರು, ಇನಾಸ ಧೈವತ ಎಂದ,
ಮಾಸ್ತರರು, ಹಸಿವೆ.

ಕಡೆಗೆ ಎಲ್ಲರಿಗೂ ನನ್ನ ನೆನಪಾಯಿತು.
"ರೆಕಾರ್ಡು ಮಾಡಿದ್ದೀಯಲ್ಲೋ ಗಜು, ಹಾಕು.
ಈಗಲೇ ಆಗಿಹೋಗಲಿ ತೀರ್ಮಾನ!"
ಕಾರ್ಡು ತುಂಬಿಹೋಗಿತ್ತು ಎಂದೆ.
ಅಂಗಿ ಜೇಬಿನಲ್ಲಿ ಕಾರ್ಡು,
ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು.

ಯಾಕೆ ಸುಳ್ಳು ಹೇಳಿದೆನೋ.
ಹೆಡ್‌ಫೋನಿನಲ್ಲಿ ನನಗೊಬ್ಬನಿಗೆ ಕೇಳಿತ್ತು:
ಬೈತಖೋಲದ ಧಕ್ಕೆಯಿಂದ ಯಾವುದೋ ಟ್ರಾಲರು
ಹೊರಡುವ ಮುನ್ನ ಊದಿದ ಉದ್ದ ಹಾರ್ನು,
ಫ್ಯಾನಿನಡಿ ಕೂತವರಿಗೆ ಮುಟ್ಟದಷ್ಟು ತೆಳ್ಳಗೆ.
ಅದೇ ರಿಷಭ.
ಅವಳ ಕಮಾನು ಒಂದು ಗಳಿಗೆ ನಿಂತಿತು.
ಮೂಗಿನಲ್ಲಿ ಉಸಿರೆಳೆದಳು. ಆಮೇಲೆ
ದಡಕ್ಕೆಸೆದ ಹಗ್ಗವನ್ನು ಹಿಡಿದುಕೊಂಡ ಹಾಗೆ
ಅದನ್ನು ಮುಟ್ಟಿದಳು.

ಇಷ್ಟು ಹೇಳಿದ್ದರೆ ಜಗಳ ಅಲ್ಲೇ ಮುಗಿಯುತ್ತಿತ್ತು.
ಮುಗಿಯುವುದು ನನಗೆ ಬೇಡವಾಗಿತ್ತೋ ಏನೋ,
ಅಥವಾ ಇಷ್ಟು ವರ್ಷದಲ್ಲಿ ಮೊದಲ ಸಲ
ಅವರಿಗೆ ಗೊತ್ತಿಲ್ಲದ್ದೊಂದು ನನ್ನ ಹತ್ತಿರ ಇತ್ತು.

ರಾತ್ರಿ ಒಂದೂವರೆಗೆ, ವಾಯರು ಸುತ್ತಿಟ್ಟು,
ಗೋಡೌನಿನಲ್ಲಿ ಒಬ್ಬನೇ ಹಾಕಿ ಕೇಳಿದೆ.
ಮೂವತ್ತೊಂದನೇ ನಿಮಿಷ. ಏರುತ್ತಾಳೆ. ರಿಷಭ.
ಉಸಿರು.
ಅದಾದ ಮೇಲೆ ಹಾರ್ನು.

ಹಿಂದೆ ಸರಿಸಿ ಮತ್ತೆ ಹಾಕಿದೆ.
ಮೊದಲು ರಿಷಭ, ಆಮೇಲೆ ಹಾರ್ನು.
ನಾನು ಕೇಳಿದ್ದು ಹಾಗಿರಲಿಲ್ಲ,
ಸಮುದ್ರದ ಮೇಲಾಣೆ, ಹಾಗಿರಲಿಲ್ಲ.

ಏಳಕ್ಕೆ ಕೋಡಿಬಾಗದಲ್ಲಿ ಮದುವೆ,
ನಾಲ್ಕು ಬಾಕ್ಸು ಟೆಂಪೋಗೆ ಏರಿಸಬೇಕು,
ಮಲಗಬೇಕು.
ಮೂವತ್ತನೇ ನಿಮಿಷಕ್ಕೆ ಎಳೆಯುತ್ತೇನೆ, ಇನ್ನೊಮ್ಮೆ.